ಗುಡ್ಡದ ಮೇಲಿನ ಪಾಠ, ಜಗಲಿಯ ಮೇಲಿನ ಪಾಠ

2020ರ ಮಳೆಗಾಲ. ಶಿವಮೊಗ್ಗದಲ್ಲಿ ಬಿ.ಎ. ಓದುತ್ತಿದ್ದ ನಾನು ಕೊರೊನಾದಿಂದಾಗಿ ಹಾಸ್ಟೆಲ್ ಮುಚ್ಚಿದ್ದರಿಂದ ಹೊಸನಗರ ತಾಲ್ಲೂಕಿನ ನಮ್ಮ ಊರಿಗೆ ಬಂದಿದ್ದೆ. ಮನೆಯಲ್ಲಿ ಸಿಗ್ನಲ್ ಇರಲಿಲ್ಲ. ಪಾಠ ಕೇಳಬೇಕೆಂದರೆ ತೋಟ ದಾಟಿ, ಹಾಡ್ಯದ ಕಾಲುದಾರಿ ಹಿಡಿದು ಗುಡ್ಡ ಹತ್ತಬೇಕಿತ್ತು. ಅಪ್ಪಯ್ಯ ಅಲ್ಲಿ ನಾಲ್ಕು ಗೂಟ ನೆಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಸಿ, ಕೂರಲು ಅಡಿಕೆ ದಬ್ಬೆಯ ಅಟ್ಟಣಿಗೆ ಕಟ್ಟಿಕೊಟ್ಟಿದ್ದರು. ರಕ್ತ ಹೀರುವ ಇಂಬಳ ಹತ್ತದಿರಲೆಂದು ಅಜ್ಜಿ ಕೊಬ್ಬರಿ ಎಣ್ಣೆಗೆ ನಶ್ಯ ಕಲಸಿ ಕಾಲಿಗೆ ಹಚ್ಚಿ ಕಳುಹಿಸುತ್ತಿದ್ದಳು. ಸಂಜೆ ಅಂಗಳಕ್ಕೆ ಕಾಲಿಟ್ಟ ಕೂಡಲೇ, "ಇಳಿದು ಬಂದೆಯಾ ಕೂಸೇ?" ಎಂದು ಒಳಗಿನಿಂದಲೇ ಕೇಳುತ್ತಿದ್ದಳು.

ಅದೇ ಕಷ್ಟದ ವರ್ಷ ಎಂದುಕೊಂಡಿದ್ದೆ. ಆದರೆ ನಾನು ನಿಜವಾಗಿ ಕುಸಿದದ್ದು ಮರುವರ್ಷ, ಮನೆಗೆ ಇಂಟರ್‌ನೆಟ್ ಬಂದ ಮೇಲೆ.

2021ರ ಏಪ್ರಿಲ್ ಕೊನೆಗೆ ಎರಡನೇ ಅಲೆಯಿಂದಾಗಿ ಮತ್ತೆ ಎಲ್ಲವೂ ಬಂದ್ ಆಯಿತು. ಈ ಸಲ ಗುಡ್ಡ ಹತ್ತುವ ಅಗತ್ಯವೇ ಇರಲಿಲ್ಲ. ಮಳೆ ಹಿಡಿದ ಮೇಲಂತೂ ಕಂಬಳಿಯೊಳಗಿಂದಲೇ ಹಾಜರಿ ಹೇಳುತ್ತಿದ್ದೆ. ಪಾಠ ಮುಗಿದರೂ ಮೊಬೈಲ್ ಕೈಬಿಡುತ್ತಿರಲಿಲ್ಲ, ರಾತ್ರಿ ಎರಡಾದರೂ ನಿದ್ದೆ ಹತ್ತುತ್ತಿರಲಿಲ್ಲ. ಜುಲೈ ಹೊತ್ತಿಗೆ ಕಣ್ಣುರಿ, ಕತ್ತುನೋವು, ತಮ್ಮನ ಮೇಲೆ ಸುಮ್ಮಸುಮ್ಮನೆ ಸಿಡುಕು. ಒಂದು ಮಧ್ಯಾಹ್ನ ಅಮ್ಮ ಊಟಕ್ಕೆ ಕರೆದಾಗ ಅತ್ತುಬಿಟ್ಟೆ. ಅವಳು ಏನೂ ಕೇಳಲಿಲ್ಲ. ಅನ್ನಕ್ಕೆ ಒಂದೆಲಗದ ತಂಬುಳಿ ಬಡಿಸಿ, ಉಂಡು ಮುಗಿಸುವವರೆಗೂ ಪಕ್ಕದಲ್ಲೇ ಕುಳಿತಿದ್ದಳು.

ಹಿಂದಿನ ವರ್ಷ ಹೀಗೇಕೆ ಆಗಿರಲಿಲ್ಲ ಎಂದು ಆ ರಾತ್ರಿ ಯೋಚಿಸಿದೆ. ಹತ್ತಿ ಇಳಿಯುವ ನಡಿಗೆಯಿತ್ತು. ತಲೆಯೆತ್ತಿದರೆ ಕಣ್ಣಿಗೆ ಕಾಡಿನ ದೂರವಿತ್ತು. ಇಳಿದು ಬಂದರೆ ಪಾಠ ಅಲ್ಲೇ ಉಳಿಯುತ್ತಿತ್ತು. ಇವನ್ನೇ ಮನೆಯಲ್ಲಿ ಮತ್ತೆ ಹುಟ್ಟಿಸಿಕೊಳ್ಳಬೇಕೆಂದು ಹೊರಟೆ.

ಮೊದಲು ಹಾಸಿಗೆ ಬಿಟ್ಟು ಜಗಲಿಗೆ ಬಂದೆ. ಅಟ್ಟದಲ್ಲಿ ಬಿದ್ದಿದ್ದ ಹಳೆಯ ಕೊಳಗವನ್ನು ಮೇಜಿನ ಮೇಲೆ ಬೋರಲು ಹಾಕಿ, ಅದರ ಮೇಲೆ ಮೊಬೈಲ್ ನಿಲ್ಲಿಸಿದೆ. ಪರದೆ ಕಣ್ಣಿನ ಎತ್ತರಕ್ಕೆ ಬಂತು, ಕತ್ತು ಬಗ್ಗಿಸುವುದು ತಪ್ಪಿತು. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡು ನೋಡಿ ಎನ್ನುತ್ತಾರೆ ಕಣ್ಣಿನ ವೈದ್ಯರು. ನನಗೆ ಅಂಗಳದಾಚೆಯ ಹಲಸಿನ ಮರ ಸಿಕ್ಕಿತು. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿ ಬರುವುದು ಅದರಿಂದಲೇ. ಹಾಗಾಗಿ ಮರ ನೋಡುತ್ತಾ ಬೇಕೆಂದೇ ಹತ್ತು ಸಲ ರೆಪ್ಪೆ ಬಡಿಯುತ್ತಿದ್ದೆ. ಇತಿಹಾಸದ ತರಗತಿಯಲ್ಲಿ ಮೊಬೈಲನ್ನು ಮಗುಚಿಟ್ಟು, ಕಿವಿಯಲ್ಲಿ ಕೇಳಿದ್ದನ್ನು ಕೈಯಲ್ಲಿ ಬರೆದೆ. ಆ ಟಿಪ್ಪಣಿಗಳಷ್ಟು ಒಳ್ಳೆಯವು ನನ್ನಲ್ಲಿ ಬೇರೆ ಇಲ್ಲ.

ಪಾಠಕ್ಕೆ ಮುಂಚೆ, ಮಳೆಯಿದ್ದರೂ ಕೊಡೆ ಹಿಡಿದು ತೋಟಕ್ಕೆ ಒಂದು ಸುತ್ತು. ಇದನ್ನು ಬಿಟ್ಟ ದಿನ ಬೆಳಗೇ ಆಗದಂತೆ ಅನಿಸುತ್ತಿತ್ತು.

ಸಂಜೆ ಏಳಕ್ಕೆ ಸಾಗರದ ಗೆಳತಿಗೆ ಫೋನ್, ಬರೀ ಮಾತು, ಹತ್ತೇ ನಿಮಿಷ. ಅವಳಿಗೂ ರಾತ್ರಿ ನಿದ್ದೆ ಬರುತ್ತಿರಲಿಲ್ಲವೆಂದು ಗೊತ್ತಾದದ್ದೇ ಆಗ. ಅಲ್ಲಿಯವರೆಗೆ ಇಬ್ಬರೂ ನಗುವ ಚಿತ್ರಗಳನ್ನಷ್ಟೇ ಕಳುಹಿಸಿಕೊಳ್ಳುತ್ತಿದ್ದೆವು! ಅಳು ವಾರಗಟ್ಟಲೆ ನಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ ಗೆಳತಿಯ ಮಾತೊಂದೇ ಸಾಲದು. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ದಯವಿಟ್ಟು ಮಾಡಿ, ನಾಚಬೇಡಿ.

ಎಲ್ಲಕ್ಕಿಂತ ಕಷ್ಟವಾದದ್ದು ಇಳಿಯುವುದು. ರಾತ್ರಿ ಒಂಬತ್ತಾದ ಮೇಲೆ ಮೊಬೈಲನ್ನು ಅಡುಗೆಮನೆಯ ಗೋಡೆಗೂಡಿನಲ್ಲಿ ಇಡುವುದೆಂದು ನಿಯಮ ಮಾಡಿಕೊಂಡೆ. ಮೊದಲ ನಾಲ್ಕು ದಿನ ಎರಡೆರಡು ಸಲ ಎದ್ದು ಹೋಗಿ ತಂದೆ. ಐದನೆಯ ರಾತ್ರಿ ಇಟ್ಟು ತಿರುಗಿದಾಗ, ಒಲೆಯ ಮುಂದೆ ಕಾಲು ಕಾಯಿಸುತ್ತಾ ಕುಳಿತಿದ್ದ ಅಜ್ಜಿ ತಲೆಯೆತ್ತಿ ನೋಡಿದಳು.

"ಇಳಿದು ಬಂದೆಯಾ ಕೂಸೇ?"