ನಮ್ಮ ಮೋಟಾರ್‌ಹೋಮ್‌ಗೆ ಏನನ್ನು ಆರಿಸಿದೆವು, ಏನನ್ನು ಬಿಟ್ಟೆವು

ಮೈಸೂರಿನ ನಮ್ಮ ಮನೆಯ ತಾರಸಿಯ ಮೇಲೆ ಒಂದು ಭಾನುವಾರ ನಾನು ರಂಗೋಲಿ ಪುಡಿಯಿಂದ 15 ಅಡಿ ಉದ್ದ, 6 ಅಡಿ ಅಗಲದ ಚೌಕಟ್ಟೊಂದನ್ನು ಎಳೆದೆ. ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಊರೂರು ತಿರುಗಬಹುದಾದ ಗಾಡಿಯನ್ನು, ಅಂದರೆ ಮೋಟಾರ್‌ಹೋಮ್ ಒಂದನ್ನು, ಮಾಡಿಸಿಕೊಳ್ಳಲು ನಾವು ಆರಿಸಿದ್ದ ಉದ್ದನೆಯ ಫೋರ್ಸ್ ಟ್ರಾವೆಲರ್ ವಾಹನದಲ್ಲಿ ಚಾಲಕನ ಹಿಂದೆ ಮನೆ ಕಟ್ಟಿಕೊಳ್ಳಲು ಸಿಗುವ ಜಾಗ ಹೆಚ್ಚುಕಡಿಮೆ ಅಷ್ಟೇ. ಅದನ್ನು ಕಟ್ಟಿಕೊಡುವ ಕಾರ್ಖಾನೆಯವರು ಕಳುಹಿಸಿದ್ದ ಬಣ್ಣದ ನಕ್ಷೆಯಲ್ಲಿ ಮುಂದೆ ಅತ್ತೆಯವರಿಗೆ ಸೋಫಾ, ನಡುವೆ ನಮಗೆ ಅಡ್ಡಲಾಗಿ ದೊಡ್ಡ ಮಂಚ, ಹಿಂದೆ ಬಚ್ಚಲು ಇತ್ತು. ನೋಡಲು ತಾರಾ ಹೋಟೆಲಿನ ಕೋಣೆಯಂತೆಯೇ ಕಾಣುತ್ತಿತ್ತು. ಎಂಬತ್ತು ದಾಟಿದ ಅತ್ತೆಯವರು ಕೋಲೂರಿಕೊಂಡು ಗೆರೆಗಳ ನಡುವೆ ಒಮ್ಮೆ ನಡೆದು ನೋಡಿ, "ಏನಮ್ಮಾ, ರಾತ್ರಿ ನಾನು ಬಚ್ಚಲಿಗೆ ಹೋಗಬೇಕಾದರೆ ನಿಮ್ಮಿಬ್ಬರನ್ನೂ ದಾಟಿಕೊಂಡು ಹೋಗಬೇಕೆ?" ಎಂದರು. ನಾಲ್ಕು ವಾರ ನಕ್ಷೆ ನೋಡಿದ್ದ ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ. ಬಚ್ಚಲು ನಡುವೆ ಬಂದಿತು, ನಮ್ಮ ಮಂಚ ಹಿಂದಕ್ಕೆ ಹೋಯಿತು.

ಇದಕ್ಕಿಂತ ದೊಡ್ಡ ಬಸ್ಸಿನ ಚಾಸಿಸ್ ಮೇಲೆ ಕಟ್ಟಿಸೋಣವೆಂದು ನಮ್ಮ ಯಜಮಾನರಿಗೆ ಮೊದಲು ಆಸೆಯಿತ್ತು. ಆದರೆ ನಾವು ಹೋಗಬಯಸಿದ್ದು ತೀರ್ಥಹಳ್ಳಿ, ಶೃಂಗೇರಿ, ಸಿದ್ದಾಪುರದ ಒಳರಸ್ತೆಗಳಿಗೆ. ಎದುರಿಗೆ ಬಸ್ ಬಂದರೆ ಹಿಂದಕ್ಕೆ ಸರಿಯಬೇಕಾದ ದಾರಿಗಳವು. ಒಟ್ಟು ತೂಕ 7500 ಕಿಲೋ ಮೀರದ ವಾಹನವನ್ನು ಲಘು ವಾಹನದ ಪರವಾನಗಿಯಲ್ಲೇ ಓಡಿಸಬಹುದೆಂಬುದೂ ನಮ್ಮ ತೀರ್ಮಾನವನ್ನು ಗಟ್ಟಿಗೊಳಿಸಿತು. ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ತಡೆಯುತ್ತದೆ. ಮೋಟಾರ್ ಕ್ಯಾರವಾನ್‌ಗಳಿಗೆಂದೇ, ಅಂದರೆ ಇಂಥ ಮನೆಗಾಡಿಗಳಿಗೆಂದೇ, ಎಐಎಸ್-124 ಎಂಬ ವಾಹನೋದ್ಯಮ ಮಾನದಂಡವಿದೆ. ಆದ್ದರಿಂದ ಆ ಮಾನದಂಡದಡಿ ಸಿಕ್ಕ ಅನುಮೋದನೆಯ ಕಾಗದವನ್ನು ಕೈಗೆ ಕೊಟ್ಟು ತೋರಿಸಿದವರಿಗೆ ಮಾತ್ರ ಮುಂಗಡ ಕೊಟ್ಟೆವು.

ಐಷಾರಾಮದ ಪಟ್ಟಿಯಲ್ಲಿ ಮೊದಲು ಬಿದ್ದುಹೋದದ್ದು ಅಡುಗೆಕಟ್ಟೆಯ ಗ್ರಾನೈಟ್. 20 ಮಿ.ಮೀ. ದಪ್ಪದ ಗ್ರಾನೈಟ್ ಚದರ ಮೀಟರಿಗೆ 50 ಕಿಲೋಗಿಂತ ಹೆಚ್ಚು ತೂಗುತ್ತದೆ. 18 ಮಿ.ಮೀ. ಪ್ಲೈವುಡ್ಡಿನ ಎಂಟು-ನಾಲ್ಕು ಅಡಿಯ ಒಂದು ಹಾಳೆಯೇ ಸುಮಾರು 35 ಕಿಲೋ. ಮನೆಯ ಬೀರು ಕಟ್ಟುವ ಲೆಕ್ಕದಲ್ಲಿ ಹತ್ತು ಹಾಳೆ ಬಳಸಿದರೆ ಐದಾರು ಜನರನ್ನು ಸದಾ ಹೊತ್ತುಕೊಂಡು ತಿರುಗಿದಂತೆ. ಬೀರುಗಳಿಗೆ ಟೊಳ್ಳು ಜೇನುಗೂಡಿನ ತಿರುಳಿರುವ ಹಗುರ ಹಲಗೆಗಳನ್ನು ಹಾಕಿಸಿದೆವು; ಬಾಗಿಲುಗಳಿಗೆ ಒತ್ತಿದರೆ ಮಾತ್ರ ತೆರೆಯುವ ಚಿಲಕ ಬೇಕೆಂದು ಹಟ ಹಿಡಿದೆ. ಆ ಚಿಲಕಗಳಿಗೆ ಕೊಟ್ಟ ಹಣದ ಬಗ್ಗೆ ಗೊಣಗಿದ ಯಜಮಾನರು ಚಾರ್ಮಾಡಿ ಘಾಟಿಯ ಮೊದಲ ತಿರುವಿನ ನಂತರ ಆ ಮಾತೆತ್ತಲಿಲ್ಲ.

ಹೆಚ್ಚು ಯೋಚಿಸಿದ್ದು ವಿದ್ಯುತ್ತಿನ ವಿಷಯದಲ್ಲಿ. "ಎಸಿ ಹಾಕಿಕೊಡುತ್ತೇವೆ" ಎಂದು ಹೇಳುವುದು ಸುಲಭ; ಗಾಡಿ ನಿಂತಾಗ ರಾತ್ರಿಯಿಡೀ ಅದನ್ನು ಯಾವುದು ಓಡಿಸುತ್ತದೆ ಎಂದು ಕೇಳಿದಾಗ ಮಾತು ಜನರೇಟರಿನ ಕಡೆಗೆ ತಿರುಗಿತು. ಕಾಡಂಚಿನ ಹೋಮ್‌ಸ್ಟೇ ಅಂಗಳದಲ್ಲಿ ಜನರೇಟರ್ ಗುಡುಗಿಸುವ ಮನಸ್ಸು ನಮಗಿರಲಿಲ್ಲ. ಸಣ್ಣ ಇನ್ವರ್ಟರ್ ಎಸಿ ಕೋಣೆ ತಣ್ಣಗಾದ ಮೇಲೆ ಸರಾಸರಿ 500 ವ್ಯಾಟ್ ಎಳೆದರೆ ಎಂಟು ಗಂಟೆಗೆ ನಾಲ್ಕು ಯೂನಿಟ್. ಆದ್ದರಿಂದ 12.8 ವೋಲ್ಟಿನ 300 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಎರಡು, ಅಂದರೆ ಏಳೂವರೆ ಯೂನಿಟ್ಟಿನಷ್ಟು ಸಂಗ್ರಹ. ಚಾವಣಿಯ ಮೇಲೆ 400 ವ್ಯಾಟಿನ ಎರಡು ಸೋಲಾರ್ ಫಲಕಗಳಿವೆ. ಒಳ್ಳೆಯ ಬಿಸಿಲಿಗೆ ದಿನಕ್ಕೆ ಮೂರು ಯೂನಿಟ್ ಬರುತ್ತದೆ, ಆದರೆ ಮರದ ನೆರಳಲ್ಲಿ ಗಾಡಿ ನಿಲ್ಲಿಸಿದ ದಿನ ಏನೂ ಬಾರದು. ಅದಕ್ಕೇ ಎಂಜಿನ್ ಓಡುವಾಗಲೂ ಬ್ಯಾಟರಿ ತುಂಬುವ ಚಾರ್ಜರ್ ಇದ್ದೇ ತೀರಬೇಕು. ಹೊರಗಿನಿಂದ ವಿದ್ಯುತ್ ತೆಗೆದುಕೊಳ್ಳುವ ಚಾರ್ಜರಿನ ಎಳೆತವನ್ನು ಕಡಿಮೆ ಮಾಡುವ ಗುಂಡಿಯೂ ಇರಲಿ. ಹಳ್ಳಿಯ ಮನೆಯ ಪಡಸಾಲೆಯಲ್ಲಿ ಸಿಗುವುದು 6 ಆಂಪಿಯರ್ ಪ್ಲಗ್. ಅದರಿಂದ ಸುಮಾರು 1300 ವ್ಯಾಟಿಗಿಂತ ಹೆಚ್ಚು ಎಳೆದರೆ ಆ ಮನೆಯ ಫ್ಯೂಸ್ ಹೋಗಿ, ಮರುದಿನದ ಆತಿಥ್ಯಕ್ಕೂ ಸಂಚಕಾರ.

ಗ್ಯಾಸ್ ಬೇಡವೆಂದೆವು. ಸೋರಿದ ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ನಿಲ್ಲುತ್ತದೆ, ಮುಚ್ಚಿದ ಗಾಡಿಯಲ್ಲಿ ಅದು ಹೊರಹೋಗಲು ನೆಲಮಟ್ಟದಲ್ಲೇ ಕಿಂಡಿಯಿರಬೇಕು. ಅತ್ತೆಯವರಿಗೆ ವಾಸನೆ ಅಷ್ಟಾಗಿ ತಿಳಿಯುವುದೂ ಇಲ್ಲ. ಇಂಡಕ್ಷನ್ ಒಲೆಯ ಮೇಲೆ ಕಬ್ಬಿಣದ ಕಾವಲಿ ಚೆನ್ನಾಗಿಯೇ ಕಾಯುತ್ತದೆ, ಆದರೆ ದೋಸೆ ನಡುವೆ ಬೇಗ ಕೆಂಪಗಾಗುತ್ತದೆ, ಅಂಚು ಬಿಳಿಚಿಕೊಂಡೇ ಉಳಿಯುತ್ತದೆ.

ಶೌಚದ ತೊಟ್ಟಿಯ ಬಗ್ಗೆ ಮಾತಾಡಲು ಎಲ್ಲರಿಗೂ ಸಂಕೋಚ. ವಾಹನದ ಅಡಿಯಲ್ಲಿ ಕೂರಿಸುವ ದೊಡ್ಡ ತೊಟ್ಟಿಯನ್ನು ಖಾಲಿ ಮಾಡುವ ವ್ಯವಸ್ಥೆ ನಮ್ಮ ದಾರಿಗಳಲ್ಲಿ ಸಿಗುವುದು ಅಪರೂಪ. ಸೂಟ್‌ಕೇಸಿನಂತೆ ಎಳೆದುಕೊಂಡು ಹೋಗಿ ಯಾವುದೇ ಶೌಚಾಲಯದಲ್ಲಿ ಸುರಿಯಬಹುದಾದ ಕ್ಯಾಸೆಟ್ ತೊಟ್ಟಿಯನ್ನು ಆರಿಸಿದೆವು. ಅದರಲ್ಲಿ ಹಿಡಿಯುವುದು 18 ಲೀಟರಿನಷ್ಟೇ, ಮೂವರಿಗೆ ಎರಡು ದಿನ ಕಷ್ಟದಿಂದ ಬರುತ್ತದೆ. ಇನ್ನೊಂದು ಖಾಲಿ ಕ್ಯಾಸೆಟ್ ಕೊಂಡಿಟ್ಟುಕೊಂಡದ್ದು, ಇಡೀ ಗಾಡಿಯಲ್ಲಿ ನಾವು ಮಾಡಿದ ಅತ್ಯಂತ ಜಾಣ ಖರ್ಚು. ಕಿಟಕಿಗಳಿಗೆಲ್ಲ ಸೊಳ್ಳೆಪರದೆ, ಚಾವಣಿಗೆ ಗಾಳಿ ಹೊರದೂಡುವ 12 ವೋಲ್ಟಿನ ಫ್ಯಾನ್, ಬಾಗಿಲಿಗೆ ತಾನಾಗಿ ಹೊರಬರುವ ತಗ್ಗು ಮೆಟ್ಟಿಲು: ಇವುಗಳ ಬಗ್ಗೆ ಚರ್ಚೆಯೇ ಆಗಲಿಲ್ಲ.

ಗಾಡಿ ಸಿದ್ಧವಾದ ದಿನ ಒಂದು ತಪ್ಪು ಬೆಳಕಿಗೆ ಬಂತು. ಹಣ ಪೂರ್ತಿ ಕೊಡುವ ಮೊದಲು ನೀರು ತುಂಬಿಸಿ, ಊರಾಚೆಯ ವೇಬ್ರಿಡ್ಜ್ ಮೇಲೆ ಮೊದಲು ಇಡೀ ಗಾಡಿಯನ್ನು, ಆಮೇಲೆ ಎಡಗಡೆಯ ಚಕ್ರಗಳನ್ನು ಮಾತ್ರ ನಿಲ್ಲಿಸಿ ತೂಗಿಸಿದೆವು. ಬಲಕ್ಕಿಂತ ಎಡಗಡೆ 190 ಕಿಲೋ ಹೆಚ್ಚಿತ್ತು. ಅಡುಗೆಕಟ್ಟೆ, ಬ್ಯಾಟರಿಗಳು, 120 ಲೀಟರಿನ ನೀರಿನ ತೊಟ್ಟಿ, ಮೂರನ್ನೂ ತಂತಿ-ಕೊಳವೆಗಳ ಅನುಕೂಲಕ್ಕೆಂದು ಒಂದೇ ಬದಿಗೆ ಜೋಡಿಸಿದ್ದರು. "ಸ್ಪ್ರಿಂಗ್ ಬಿಗಿ ಮಾಡಿದರೆ ಸರಿಹೋಗುತ್ತೆ ಮೇಡಂ" ಎಂದರು ಮೇಸ್ತ್ರಿ. ಸ್ಪ್ರಿಂಗ್ ಗಾಡಿಯ ವಾಲುವಿಕೆಯನ್ನು ಮರೆಮಾಚಬಹುದು, ಟೈರಿನ ಮೇಲಿನ ಭಾರವನ್ನಲ್ಲ ಎಂದು ನಾನು ಒಪ್ಪಲಿಲ್ಲ. ತೊಟ್ಟಿ ಬಲಕ್ಕೆ ಹೋಯಿತು, ಕೆಲಸ ಮೂರು ವಾರ ಹಿಂದೆ ಬಿತ್ತು.

ತೊಟ್ಟಿಯ ಜೊತೆಗೆ ನೀರು ತುಂಬುವ ಬಾಯಿಯೂ ಬಲಕ್ಕೆ ಹೋಗುತ್ತದೆಂಬುದು ಆಗ ನನ್ನ ತಲೆಗೆ ಬರಲಿಲ್ಲ. ರಸ್ತೆಯ ಎಡ ಅಂಚಿಗೆ ಗಾಡಿ ನಿಲ್ಲಿಸುವ ನಮ್ಮಲ್ಲಿ ನಲ್ಲಿಗಳಿರುವುದು ಬಹುಮಟ್ಟಿಗೆ ಎಡಗಡೆಯೇ. ಈಗ ಪ್ರತಿ ಸಲ ಯಜಮಾನರು ಗಾಡಿಯ ಅಡಿಯಿಂದ ಕೊಳವೆ ತೂರಿಸುತ್ತಾರೆ, ನಾನು ಆಚೆ ಬದಿಯಲ್ಲಿ ಬಗ್ಗಿ ಅದನ್ನು ಎಳೆದುಕೊಳ್ಳುತ್ತೇನೆ. ಎಡಕ್ಕೊಂದು ಎರಡನೆಯ ಬಾಯಿ ಕೂರಿಸಲು ಗಾಡಿ ಮುಂದಿನ ತಿಂಗಳು ಮತ್ತೆ ಕಾರ್ಖಾನೆಗೆ ಹೋಗಲಿದೆ.