ಹಳೆ ಥೀಸಿಸ್ ಬೇಕಾ? ರೀಲ್ ಬಿಡಿ, ನಂಬರ್ ಹಿಡಿಯಿರಿ

ಅಮೆರಿಕದ ಹಳೆ ಪಿಎಚ್‌ಡಿ ಪ್ರಬಂಧ ಹುಡುಕಿಕೊಂಡು ನಮ್ಮ ಲೈಬ್ರರಿಗೆ ಬರುವವರನ್ನು ನಾನು ಮೊದಲು ಕೇಳುವುದು, ‘ನಂಬರ್ ಇದೆಯಾ?’ ಅಲ್ಲಿನ ಆನ್ ಆರ್ಬರ್ ಊರಿನಲ್ಲಿ 1938ರಲ್ಲಿ ಶುರುವಾದ ಯೂನಿವರ್ಸಿಟಿ ಮೈಕ್ರೋಫಿಲ್ಮ್ಸ್ ಕಂಪನಿ ಪ್ರಬಂಧದ ಪುಟಗಳನ್ನು ಪುಟ್ಟ ಚಿತ್ರಗಳಾಗಿ ಫಿಲ್ಮ್ ರೀಲಿಗೆ ಇಳಿಸಿ, ಪ್ರಬಂಧಗಳಿಗೆ 72-12345 ತರಹದ ನಂಬರ್ ಕೊಡುತ್ತಿತ್ತು. ನಡುವಿನ ಗೆರೆ ತೆಗೆದು 7212345 ಅಂತ ಪ್ರೋಕ್ವೆಸ್ಟ್ ಎಂಬ ಆನ್‌ಲೈನ್ ಪ್ರಬಂಧ ಸಂಗ್ರಹದಲ್ಲಿ ಹಾಕಿ. ಹೆಸರಿನ ಸ್ಪೆಲಿಂಗ್ ಜತೆ ಗುದ್ದಾಡುವುದು ತಪ್ಪುತ್ತದೆ. ಆದರೆ ದುಡ್ಡು ಕೊಡುವ ಮುಂಚೆ ಆ ವಿಶ್ವವಿದ್ಯಾಲಯದ ಸ್ವಂತ ಸಂಗ್ರಹ ನೋಡಿ. ಎಷ್ಟೋ ಸಲ ಅಲ್ಲಿ ಪುಕ್ಕಟೆ ಸಿಗುತ್ತದೆ.

ನಮ್ಮ ದೇಶದ್ದಾದರೆ ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುತ್ತದೆ, ದುಡ್ಡು ಕೊಡಬೇಕಿಲ್ಲ. ಇಲ್ಲಿ ಪ್ರಬಂಧ ಇಡಿಯಾಗಿ ಒಂದೇ ಫೈಲಲ್ಲಿ ಇರುವುದು ಕಡಿಮೆ. ಶೀರ್ಷಿಕೆ ಪುಟ, ಪ್ರಮಾಣಪತ್ರ, ಪರಿವಿಡಿ, ಒಂದೊಂದು ಅಧ್ಯಾಯ, ಎಲ್ಲ ಬೇರೆ ಬೇರೆ ಪಿಡಿಎಫ್. ಸುಮ್ನೆ ಎಲ್ಲ ಇಳಿಸಬೇಡಿ. ಪರಿವಿಡಿ ತೆರೆದು ಬೇಕಾದ ಅಧ್ಯಾಯ ಮಾತ್ರ ತಗೊಳ್ಳಿ. ಕನ್ನಡ ಪ್ರಬಂಧವನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಹುಡುಕಿ. ಸಿಗಲಿಲ್ವಾ? ಮಾರ್ಗದರ್ಶಕರ ಹೆಸರು ಹಾಕಿ, ನನ್ನ ಪ್ರಕಾರ ಇದೇ ಜಾಸ್ತಿ ಕೆಲಸ ಮಾಡುವ ದಾರಿ. ಹಳೆಯ ಪ್ರತಿ ಬರೀ ಪುಟಗಳ ಚಿತ್ರವಾಗಿದ್ದರೆ ಒಳಗೆ ಪದ ಹುಡುಕಲು ಆಗದು, ಕಣ್ಣಾಡಿಸಲೇಬೇಕು.

ಫಿಲ್ಮ್ ಒಂದೇ ಗತಿ ಅಂದರೆ ಡಬ್ಬಿ ತೆರೆದು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಪ್ಲಾಸ್ಟಿಕ್ ಕೊಳೆಯುತ್ತಿದೆ ಎಂದರ್ಥ. ಉಳಿದ ರೀಲುಗಳಿಂದ ದೂರ ಇಟ್ಟು, ಅದನ್ನೇ ಮೊದಲು ಸ್ಕ್ಯಾನ್ ಮಾಡಿಸಿ. ಫೋಟೋ, ನಕ್ಷೆ ಇದ್ದರೆ ಬರೀ ಕಪ್ಪು-ಬಿಳುಪು ಬೇಡ, ಬೂದು ಛಾಯೆಗಳೂ ಬರುವ ಗ್ರೇಸ್ಕೇಲ್ ಅಂತಲೇ ಹೇಳಿ.