ತೋಟದ ಮನೆಗೆ ಫೋನು, ನೆಟ್ಟು, ಟಿವಿ: ದುಡ್ಡು ಎಲ್ಲಿ ಸೋರುತ್ತದೆ?

ನಮ್ಮ ಮನೆ ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯಲ್ಲಿ, ಕಾಫಿ ತೋಟದ ಒಳಗಿದೆ. ಎಸ್ಟೇಟಿನಲ್ಲಿ ರೈಟರ್ ಆಗಿ ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ ಪುಸ್ತಕ, ಬರೆಯುತ್ತಿದ್ದವನು ನಾನು. ಕೆಲಸ ಬಿಟ್ಟ ಮೇಲೂ ಖರ್ಚು ಬರೆದಿಡುವ ಚಟ ಹೋಗಿಲ್ಲ. ಹಾಗಾಗಿ ಅಕ್ಕಪಕ್ಕದವರು ಫೋನು, ನೆಟ್ಟು, ಟಿವಿ ಬಿಲ್ ಹಿಡಿದುಕೊಂಡು ಬರುತ್ತಾರೆ. ಎಲ್ಲರಿಗೂ ನನ್ನ ಮೊದಲ ಪ್ರಶ್ನೆ ಒಂದೇ: ಇದು ನಿಮ್ಮ ಮನೆಯೊಳಗೆ ಸಿಗುತ್ತಾ? ಬೆಂಗಳೂರಿನವರು ಯಾವುದು ಅಗ್ಗ ಅಂತ ನೋಡಿದರೆ ಸಾಕು. ಇಲ್ಲಿ ರೇಂಜ್ ಇಲ್ಲದ ಸಿಮ್‌ಗೆ ಎಷ್ಟು ಕಡಿಮೆ ಕೊಟ್ಟರೂ ದಂಡವೇ.

ಸಿಮ್ ಬದಲಿಸುವ ಮುಂಚೆ ಹೀಗೆ ಮಾಡಿ. ಬೇರೆ ಬೇರೆ ಕಂಪನಿ ಸಿಮ್ ಇರುವ ನೆಂಟರು, ಕೆಲಸದವರು ಮನೆಗೆ ಬಂದಾಗ ಅವರ ಫೋನ್ ಹಿಡಿದು ಅಡುಗೆಮನೆ, ಮಲಗುವ ಕೋಣೆ, ಕಣ ಎಲ್ಲಾ ಕಡೆ ಓಡಾಡಿ. ಕಡ್ಡಿ ಎಷ್ಟಿದೆ ಅಂತ ನೋಡಿದರೆ ಸಾಲದು, ಕಾಲ್ ಮಾಡಿ ಮಾತಾಡಿ ನೋಡಿ. ಇನ್ನೊಂದು ಪರೀಕ್ಷೆ ಇದೆ, ಅದು ಮಳೆಗಾಲದ್ದು. ಕರೆಂಟ್ ಹೋಗಿ ಸುಮಾರು ಹೊತ್ತಾದ ಮೇಲೆ ಯಾರ ಟವರ್ ಉಳಿದಿದೆ? ಬ್ಯಾಟರಿ ಮುಗಿದ ಕೂಡಲೇ ಕೆಲವು ಟವರ್ ಸತ್ತೇ ಹೋಗುತ್ತವೆ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಉಳಿಯುವ ಟವರ್ ಯಾವುದೋ, ಮನೆಯ ಒಂದು ಸಿಮ್ ಆ ಕಂಪನಿಯದ್ದೇ ಇರಲಿ.

ಬದಲಿಸುವುದು ಅಂತ ತೀರ್ಮಾನವಾದರೆ ನಂಬರ್ ಬಿಡಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಒಂದು ಕೋಡ್ ಬರುತ್ತದೆ. ನಮ್ಮ ಕರ್ನಾಟಕದಲ್ಲಿ ಅದಕ್ಕೆ 4 ದಿನ ಜೀವ, ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಆಧಾರ್ ಹಿಡಿದು ಹೋಗಿ. ಈಗಿನ ಕಂಪನಿಗೆ ಸೇರಿ 90 ದಿನ ಆಗಿರಬೇಕು. ಪೋಸ್ಟ್‌ಪೇಯ್ಡ್ ಆದರೆ ಬಾಕಿ ಇರಬಾರದು.

ಇನ್ನು ಪ್ಯಾಕ್. 28 ದಿನದ ಪ್ಯಾಕನ್ನು ಜನ ತಿಂಗಳ ಪ್ಯಾಕ್ ಅಂತಲೇ ಕರೆಯುತ್ತಾರೆ. ಲೆಕ್ಕ ಹಾಕಿ: 28ನ್ನು 13ರಿಂದ ಗುಣಿಸಿದರೆ 364. ಅಂದರೆ ವರ್ಷಕ್ಕೆ 12 ಅಲ್ಲ, 13 ಸಲ ಕರೆನ್ಸಿ ಹಾಕಿಸುತ್ತೀರಿ. 30 ದಿನದ ಪ್ಯಾಕೂ, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಯಾಕೂ ಇಡಲೇಬೇಕು ಅಂತ ಫೋನ್ ಕಂಪನಿಗಳಿಗೆ ನಿಯಮ ಮಾಡುವ ಟ್ರಾಯ್ 2022ರಲ್ಲಿ ಹೇಳಿದೆ. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಕೇಳಬೇಕು. ಯಾವುದೇ ಪ್ಯಾಕಿನ ರೇಟನ್ನು ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಬಿತ್ತು ಅಂತ ಹೋಲಿಸಿ.

ನಮ್ಮ ಅಮ್ಮನ ಹತ್ತಿರ ಇರುವುದು ಬಟನ್ ಫೋನ್. ಅವರಿಗೆ ದಿನಕ್ಕೆ ಒಂದೂವರೆ ಜಿಬಿ ಯಾಕೆ? ಇಂಥವರಿಗಾಗಿ ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಬೇಕು ಅಂತ 2024ರ ಡಿಸೆಂಬರಿನಲ್ಲಿ ನಿಯಮ ಬಂತು. ಆಪ್‌ನ ಮೊದಲ ಪುಟದಲ್ಲಿ ಅದು ಕಾಣುವುದಿಲ್ಲ, ಕೆಳಗೆ ಕೆಳಗೆ ಹುಡುಕಬೇಕು. ಅದನ್ನು ಅಲ್ಲಿ ಯಾಕೆ ಇಟ್ಟಿದ್ದಾರೆ ಅಂತ ನಿಮಗೂ ಗೊತ್ತು.

ಮನೆಗೆ ಫೈಬರ್, ಅಂದರೆ ಗಾಜಿನ ಎಳೆಯ ಕೇಬಲ್ಲಿನ ನೆಟ್ಟು, ಬಂದಿದ್ದರೆ ಉಳಿತಾಯದ ದಾರಿಯೇ ಬೇರೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಇರುವ ಜಾಗಕ್ಕೆ ಹೋಗಿ ವೈಫೈ ಕಾಲಿಂಗ್ ಆನ್ ಮಾಡಿ. ಟವರ್ ಸಿಗದಿದ್ದರೂ ನಿಮ್ಮದೇ ನಂಬರಿಗೆ ಕಾಲ್ ಬರುತ್ತದೆ, ಹೋಗುತ್ತದೆ. ಅದಕ್ಕೆ ಬೇರೆ ದುಡ್ಡಿಲ್ಲ, ಮಾಮೂಲಿ ಪ್ಯಾಕ್ ಚಾಲ್ತಿಯಲ್ಲಿದ್ದರೆ ಸಾಕು. ಕಂಪನಿ ಮತ್ತು ಫೋನ್ ಎರಡೂ ಅದಕ್ಕೆ ಹೊಂದಬೇಕು, ಬಟನ್ ಫೋನಿನಲ್ಲಿ ಆಗುವುದಿಲ್ಲ. ಮಾತಾಡಲು ಕಣದ ತುದಿಗೆ ಹೋಗಿ ನಿಲ್ಲುವುದು ತಪ್ಪುತ್ತದೆ. ಮನೆಯಲ್ಲಿ ರೇಂಜ್ ಸಿಗಲಿ ಅಂತಲೇ ಇಟ್ಟುಕೊಂಡ ಎರಡನೇ ಸಿಮ್ಮೂ ಬೇಡವಾಗುತ್ತದೆ. ಇಡೀ ದಿನ ಮನೆಯಲ್ಲೇ ಇರುವವರಿಗೆ ದೊಡ್ಡ ಡೇಟಾ ಪ್ಯಾಕ್ ಕೂಡ ಬೇಕಿಲ್ಲ, ಅಲ್ವಾ?

ಫೈಬರ್ ಪ್ಲಾನಿನ ರೇಟ್ ಕೇಳುವಾಗ ಜಿಎಸ್‌ಟಿ ಸೇರಿಸಿ ಕೇಳಿ. ಜಾಹೀರಾತಿನಲ್ಲಿ 499 ಅಂತ ಇದ್ದರೆ 18 ಪರ್ಸೆಂಟ್ ಸೇರಿ 589 ಹತ್ತಿರ ಆಗುತ್ತದೆ. ರೂಟರ್ ಬಾಡಿಗೆಯೋ, ಡೆಪಾಸಿಟ್ಟೋ, ನಿಮ್ಮದೇ ಆಗುತ್ತದೋ ಅದನ್ನೂ ಕೇಳಿ. ಆರು ತಿಂಗಳು, ವರ್ಷದ್ದು ಒಟ್ಟಿಗೆ ಕಟ್ಟಿದರೆ ಕನೆಕ್ಷನ್ ಹಾಕಿಕೊಡುವ ಖರ್ಚು ಬಿಡುತ್ತೇವೆ ಅನ್ನುತ್ತಾರೆ. ನನ್ನ ಮಾತು ಕೇಳುವುದಾದರೆ, ಹೊಸ ಕನೆಕ್ಷನ್‌ಗೆ ಮೇ ತಿಂಗಳಲ್ಲಿ ವರ್ಷದ ದುಡ್ಡು ಕಟ್ಟಬೇಡಿ. ಕೇಬಲ್ ಬರುವುದು ಕರೆಂಟ್ ಕಂಬದ ಮೇಲೆ, ಮರದ ಕೆಳಗೆ. ಜೂನ್, ಜುಲೈಯಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದರೆ ಎಷ್ಟು ದಿನಕ್ಕೆ ಬಂದು ಜೋಡಿಸುತ್ತಾರೆ ಅನ್ನುವುದು ಆ ಮಳೆಗಾಲ ಕಳೆದ ಮೇಲೆ ಗೊತ್ತಾಗುತ್ತದೆ. ಮೊದಲ ಮಳೆಗಾಲಕ್ಕೆ ತಿಂಗಳು ತಿಂಗಳು ಕಟ್ಟಿ. ರಿಪೇರಿಗೆ ಬರುವ ಹುಡುಗರು ಒಳ್ಳೆಯವರು ಅಂತ ಕಂಡರೆ ನಮ್ಮ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ಉದ್ದದ ಪ್ಲಾನ್ ಹಾಕಿಸಿ.

ನೆಟ್ ಹೋದಾಗ ಸುಮ್ನೆ ಹತ್ತು ಸಲ ಆಫ್ ಆನ್ ಮಾಡಬೇಡಿ. ಫೈಬರ್ ಡಬ್ಬಿಯ ಮೇಲೆ ಲಾಸ್ (LOS) ಅನ್ನುವ ದೀಪ ಇರುತ್ತದೆ. ಅದು ಕೆಂಪಗೆ ಮಿನುಗುತ್ತಿದ್ದರೆ ಸಾಮಾನ್ಯವಾಗಿ ತೊಂದರೆ ಹೊರಗಿನ ಲೈನಿನದ್ದು. ದೀಪದ ಫೋಟೋ ತೆಗೆದು ದೂರು ಕೊಡಿ, ದೂರಿನ ನಂಬರ್ ಬರೆದಿಡಿ. ಎಷ್ಟು ದಿನ ನೆಟ್ ಇರಲಿಲ್ಲ ಅನ್ನುವುದನ್ನೂ ಬರೆದಿಟ್ಟು, ಆ ದಿನಗಳನ್ನು ಕಳೆಯಿರಿ ಅಂತ ಕೇಳಿ. ಕೇಳದಿದ್ದರೆ ಯಾರೂ ಕಳೆಯುವುದಿಲ್ಲ.

ಗುಡುಗು ಶುರುವಾಗುವ ಮುಂಚೆಯೇ ರೂಟರಿನ ಅಡಾಪ್ಟರ್ ಕಿತ್ತಿಡಿ. ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟ್ ಹರಿಯದಿದ್ದರೂ ಅಡಾಪ್ಟರ್ ಇರುವುದು ಕರೆಂಟ್ ಲೈನಿನಲ್ಲಿ. ಡಿಶ್ ವೈರೂ ತಾಮ್ರದ್ದೇ, ಅದನ್ನೂ ತೆಗೆಯಿರಿ. ಕಾಫಿ ಹೂ ಬಿಡಿಸುವ ಹೂಮಳೆ ಹೊತ್ತಿನ ಒಂದು ಸಿಡಿಲಿಗೆ ರೂಟರ್ ಸುಟ್ಟರೆ ವರ್ಷದ ಉಳಿತಾಯ ಅಲ್ಲಿಗೆ ಮುಗಿಯಿತು. ರೂಟರಿಗೆ ಸಣ್ಣ ಯುಪಿಎಸ್ ತರುವವರು ಒಂದು ವಿಷಯ ನೋಡಿಕೊಳ್ಳಿ: ಕರೆಂಟ್ ಹೋದಾಗ ಕಂಪನಿಯ ಕಡೆಯ ಯಂತ್ರವೂ ನಡೆಯುತ್ತಿರಬೇಕು. ಇನ್ವರ್ಟರ್‌ಗೆ ಸಿಕ್ಕಿಸಿ ಒಮ್ಮೆ ನೋಡಿ ಆಮೇಲೆ ಕೊಳ್ಳಿ.

ಟಿವಿಗೆ ಬರೋಣ. ಡಿಶ್‌ನವರು ಕೊಟ್ಟ ದೊಡ್ಡ ಪ್ಯಾಕ್ ಹಾಗೇ ಮುಂದುವರಿಸಬೇಕು ಅಂತೇನಿಲ್ಲ. ಒಂದೊಂದೇ ಚಾನೆಲ್ ಆರಿಸುವ ಹಕ್ಕು ನಮಗಿದೆ. ನನ್ನ ಹೆಂಡತಿ ರಿಮೋಟ್ ಹಿಡಿದು ತಾನು ನಿಜವಾಗಿ ನೋಡುವ ಚಾನೆಲ್‌ಗಳನ್ನು ಚೀಟಿಯಲ್ಲಿ ಬರೆದಳು. ಚೀಟಿಯ ಅರ್ಧವೂ ತುಂಬಲಿಲ್ಲ. ಒಂದೇ ಚಾನೆಲ್ ಎಚ್‌ಡಿಯಲ್ಲೂ ಮಾಮೂಲಿಯಲ್ಲೂ ಇದ್ದರೆ ಒಂದನ್ನು ತೆಗೆಸಿ, ಎರಡಕ್ಕೂ ದುಡ್ಡು ಹೋಗುತ್ತಿರಬಹುದು.

ಎರಡನೇ ಟಿವಿಗೆ, ಕೆಲಸದವರು ಇರುವ ಲೈನ್‌ಮನೆಗೆ ಡಿಡಿ ಫ್ರೀ ಡಿಶ್ ಹಾಕಿಸಿ. ಬುಟ್ಟಿ, ಬಾಕ್ಸಿಗೆ ಒಮ್ಮೆ ಖರ್ಚು, ತಿಂಗಳ ಬಾಡಿಗೆ ಇಲ್ಲ. ಚಂದನ ಬರುತ್ತದೆ. ಆದರೆ ಮನೆಯವರಿಗೆ ಬೇಕಾದ ಧಾರಾವಾಹಿಯ ಚಾನೆಲ್ ಅದರಲ್ಲಿ ಉಂಟಾ ಅಂತ ಮೊದಲೇ ನೋಡಿ, ಇಲ್ಲದಿದ್ದರೆ ರಾತ್ರಿ ಜಗಳ. ನಮ್ಮ ಕಡೆ ಅದರ ಬುಟ್ಟಿ ಆಗ್ನೇಯಕ್ಕೆ ಮುಖ ಮಾಡುತ್ತದೆ. ಆ ದಿಕ್ಕಿನಲ್ಲಿ ಮರ ಅಡ್ಡ ಇಲ್ಲದ ಜಾಗ ಹುಡುಕಿ. ಜೋರು ಮಳೆಗೆ ಯಾವ ಡಿಶ್ಶಾದರೂ ನಿಲ್ಲುತ್ತದೆ, ಅದಕ್ಕೆ ಮದ್ದಿಲ್ಲ.

ಸಿನಿಮಾ ಆಪ್‌ಗಳದ್ದು ಸೊಸೆ ತೋರಿಸಿಕೊಟ್ಟದ್ದು. ಫೈಬರ್ ಪ್ಲಾನಿನ ಜೊತೆ ಬಂದ ಆಪ್‌ಗೇ ಬೇರೆಯಾಗಿ ದುಡ್ಡು ಕಟ್ಟುವವರು ಬಹಳ. ಯುಪಿಐ ಆಪ್‌ನಲ್ಲಿ ಆಟೋಪೇ ಅನ್ನುವ ಜಾಗ ತೆರೆದು ನೋಡಿ, ಯುಪಿಐಯಿಂದ ತಾನಾಗಿ ಕತ್ತರಿಸುತ್ತಿರುವುದು ಅಲ್ಲಿರುತ್ತದೆ. ಬೇಡವಾದ್ದನ್ನು ಅಲ್ಲೇ ನಿಲ್ಲಿಸಬಹುದು. ಹಾಗೆಯೇ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಅಂತ ಗೊತ್ತಾಗುತ್ತದೆ.

ಕನೆಕ್ಷನ್ ತೆಗೆಸುವಾಗ ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಬರೆದು ಕೊಡಿ. ರೂಟರ್ ವಾಪಸ್ ಕೊಡುವಾಗ ಅದರ ಹಿಂದಿನ ಸೀರಿಯಲ್ ನಂಬರಿನ ಫೋಟೋ ತೆಗೆದು, ತೆಗೆದುಕೊಂಡು ಹೋದವರಿಂದ ಸಹಿ ಹಾಕಿಸಿ. ನಮಗೆ ಒಂದು ಕಂಪನಿಯಿಂದ ಬಹಳ ಸಮಯದ ಮೇಲೆ ರೂಟರ್ ಬೆಲೆ ಕಟ್ಟಿ ಅಂತ ಮೆಸೇಜ್ ಬಂತು. ಸಹಿ ಇದ್ದ ಚೀಟಿ ಕಳಿಸಿದೆವು, ಮತ್ತೆ ಸುದ್ದಿಯಿಲ್ಲ. ಕಂಪನಿ ಮಾತು ಕೇಳದಿದ್ದರೆ ಅವರದೇ ಮೇಲ್ಮನವಿ ವಿಭಾಗಕ್ಕೆ ಬರೆಯಬಹುದು. ಗ್ರಾಹಕರ ಸಹಾಯವಾಣಿ 1915, ದೂರಿನ ನಂಬರ್ ಕೈಯಲ್ಲಿ ಇಟ್ಟುಕೊಂಡೇ ಅಲ್ಲಿಗೆ ಫೋನ್ ಮಾಡಿ.